ಬಾಯಿಯ ಪೆಂಫಿಗಸ್

ಬಾಯಿಯ ಒಳಪದರದಲ್ಲಿ ಗುಳ್ಳೆ ಎದ್ದು, ಒಡೆದು, ವಾರಗಟ್ಟಲೆ ಮಾಯದ ಹುಣ್ಣಾಗಿ ಉಳಿಯುವ ಸ್ವಯಂನಿರೋಧಕ ಕಾಯಿಲೆ. ಪೂರ್ಣ ಹೆಸರು ಪೆಂಫಿಗಸ್ ವಲ್ಗ್ಯಾರಿಸ್; ಗುಳ್ಳೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಇದು ಮೊದಲು ತೋರುವುದು ಬಾಯಿಯಲ್ಲೇ. ಮೈಮೇಲೆ ಗುಳ್ಳೆ ಏಳುವುದಕ್ಕೆ ಇನ್ನೂ ಹಲವು ತಿಂಗಳು ಹಿಡಿಯಬಹುದು, ಕೆಲವರಲ್ಲಿ ಏಳದೆಯೂ ಇರಬಹುದು. ಭಾರತದಲ್ಲಿ ಇದು ಪಶ್ಚಿಮದ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲಿ, ದುಡಿದು ಸಂಸಾರ ನಡೆಸುವ ಕಾಲದಲ್ಲೇ ಬರುವುದು ಸಾಮಾನ್ಯ. ಅಂಟುವ ರೋಗವಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡುವುದು ಅನಗತ್ಯ, ಆ ಮನುಷ್ಯನ ಮನಸ್ಸಿಗೆ ನೋವು ಕೂಡ.

ಮೇಲ್ಪದರದ ಜೀವಕೋಶಗಳನ್ನು ಒಂದಕ್ಕೊಂದು ಕಚ್ಚಿ ಹಿಡಿಸಿರುವುದು ಡೆಸ್ಮೋಗ್ಲೀನ್ ಎಂಬ ಪ್ರೋಟೀನು, ಇಟ್ಟಿಗೆಗಳ ನಡುವೆ ಗಾರೆ ಇದ್ದ ಹಾಗೆ. ರೋಗಾಣುವಿನ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳು ಈ ಗಾರೆಯ ಮೇಲೇ ತಿರುಗಿಬೀಳುತ್ತವೆ. ದಾಳಿ ಡೆಸ್ಮೋಗ್ಲೀನ್ 3ರ ಮೇಲೆ ಮಾತ್ರ ಇದ್ದರೆ ಹುಣ್ಣು ಮುಖ್ಯವಾಗಿ ಬಾಯಿಗೆ ಸೀಮಿತ. ಡೆಸ್ಮೋಗ್ಲೀನ್ 1ರ ಮೇಲೂ ಬಿದ್ದರೆ ಚರ್ಮಕ್ಕೂ ಹಬ್ಬುತ್ತದೆ. ಇದರ ದಾಯಾದಿಯಂಥ ಪೆಂಫಿಗಾಯ್ಡ್‌ನಲ್ಲಿ ಪದರ ಬುಡದಿಂದಲೇ ಬಿಟ್ಟುಕೊಳ್ಳುತ್ತದೆ. ಲೋಳೆಪದರಗಳಿಗೆ ಬರುವ ಪೆಂಫಿಗಾಯ್ಡ್‌ನಲ್ಲಿ ಒಸಡು ಕೆಂಪಗೆ ಸುಲಿಯುತ್ತದೆ. ಅದು ಕಣ್ಣಿಗೂ ಇಳಿದು ದೃಷ್ಟಿ ಕಳೆಯಬಹುದಾದ್ದರಿಂದ ಕಣ್ಣಿನ ತಪಾಸಣೆ ತಪ್ಪಿಸುವಂತಿಲ್ಲ.

ಪತ್ತೆಯಾಗುವುದು ತಡವಾಗುವುದೇ ಈ ಕಾಯಿಲೆಯ ದೊಡ್ಡ ಕಷ್ಟ. ಬಾಯಿಯ ಗುಳ್ಳೆ ಎದ್ದಷ್ಟೇ ಬೇಗ ಒಡೆಯುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣುವುದು ಕೆನ್ನೆಯ ಒಳಬದಿಯಲ್ಲೋ ಅಂಗುಳಿನಲ್ಲೋ ಅಂಕುಡೊಂಕಾದ ಕೆಂಪು ಹಸಿಗಾಯ. ಬೆಂಗಳೂರಿನ ಮನೆಗಳಲ್ಲಿ ಬಾಯಿಹುಣ್ಣು ಎಂದರೆ ‘ಹೀಟ್ ಆಗಿದೆ’ ಎಂದೇ ಅರ್ಥ. ಎಳನೀರು, ಮಜ್ಜಿಗೆ, ಬಿ-ಕಾಂಪ್ಲೆಕ್ಸ್ ಮಾತ್ರೆಯಲ್ಲಿ ತಿಂಗಳುಗಳು ಕಳೆಯುತ್ತವೆ. ಮೈಮೇಲೂ ಗುಳ್ಳೆ ಬಂದರೆ ಸರ್ಪಸುತ್ತು ಎನ್ನುವವರಿದ್ದಾರೆ, ನಾಗದೋಷ ಎಂದು ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದು ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊರುವವರೂ ಇದ್ದಾರೆ. ಹರಕೆಯಿಂದ ಕೇಡಿಲ್ಲ, ಅದನ್ನು ನಂಬಿ ಮಾತ್ರೆ ಬಿಟ್ಟರೆ ಕೇಡು. ಸಾಮಾನ್ಯ ಬಾಯಿಹುಣ್ಣು ಎರಡು ವಾರದಲ್ಲಿ ಮಾಯುತ್ತದೆ. ಅದಕ್ಕೂ ಮೀರಿ ಉಳಿದದ್ದನ್ನು ವೈದ್ಯರಿಗೆ ತೋರಿಸಲೇಬೇಕು.

ತೋರಿಸಬೇಕಾದ ಮೊದಲ ಜಾಗ ಹಲ್ಲಿನ ಆಸ್ಪತ್ರೆಯೇ ಆಗಬಹುದು ಎಂಬುದು ಹಲವರಿಗೆ ತಿಳಿದಿಲ್ಲ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಬಾಯಿಯ ಕಾಯಿಲೆಗೆಂದೇ ಓರಲ್ ಮೆಡಿಸಿನ್ ವಿಭಾಗ ಇರುತ್ತದೆ. ಉತ್ತರ ಬೆಂಗಳೂರಿನಲ್ಲಿ ಯಲಹಂಕದಾಚೆ ಹುಣಸಮಾರನಹಳ್ಳಿಯ ಕೃಷ್ಣದೇವರಾಯ ಕಾಲೇಜು, ಯಶವಂತಪುರ-ಹೆಬ್ಬಾಳದ ನಡುವಿನ ರಾಮಯ್ಯ ಸಂಸ್ಥೆ ಇಂಥವು. ಖಚಿತವಾಗಲು ಬಯಾಪ್ಸಿ ಬೇಕು. ಇಲ್ಲೊಂದು ಸೂಕ್ಷ್ಮವಿದೆ. ಹುಣ್ಣಿನ ನಡುವಿನಿಂದ ತೆಗೆದ ಚೂರಿನಲ್ಲಿ ಮೇಲ್ಪದರವೇ ಇರುವುದಿಲ್ಲ, ಆದ್ದರಿಂದ ಅಂಚಿನಿಂದ, ಪಕ್ಕದ ಗಟ್ಟಿ ಭಾಗದಿಂದ ತೆಗೆಯಬೇಕು. ಒಂದು ಚೂರು ಫಾರ್ಮಲಿನ್ ಬಾಟಲಿಗೆ ಹೋದರೆ ಇನ್ನೊಂದು ಇಮ್ಯುನೋಫ್ಲೋರೆಸೆನ್ಸ್‌ಗೆಂದು ಮಿಚೆಲ್ ದ್ರಾವಣಕ್ಕೆ ಹೋಗಬೇಕು. ಇದನ್ನೂ ಫಾರ್ಮಲಿನ್‌ಗೆ ಹಾಕಿದರೆ ಪರೀಕ್ಷೆ ಕೆಟ್ಟಂತೆ. ಸರಿಯಾಗಿ ಬಂದ ಚೂರಿನಲ್ಲಿ ಜೀವಕೋಶಗಳ ಸುತ್ತ ಪ್ರತಿಕಾಯಗಳು ಮೀನುಬಲೆಯಂತೆ ಹಸಿರಾಗಿ ಹೊಳೆಯುತ್ತವೆ.

1950ರ ದಶಕದಲ್ಲಿ ಸ್ಟೀರಾಯ್ಡ್ ಬಳಕೆಗೆ ಬರುವ ಮುಂಚೆ ಈ ಕಾಯಿಲೆ ಬಂದವರಲ್ಲಿ ಬಹುಪಾಲು ಜನ ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. ಭಾರತದಲ್ಲಿ ಚಿಕಿತ್ಸೆಯ ದಿಕ್ಕು ಬದಲಿಸಿದವರು ದೆಹಲಿಯ ಏಮ್ಸ್‌ನ ಜೆ.ಎಸ್. ಪಸ್ರೀಚಾ. 1980ರ ದಶಕದಲ್ಲಿ ಅವರು ರೂಪಿಸಿದ ಪಲ್ಸ್ ಪದ್ಧತಿಯಲ್ಲಿ 28 ದಿನಕ್ಕೊಮ್ಮೆ, ಸತತ ಮೂರು ದಿನ 100 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಅನ್ನು ಡ್ರಿಪ್ಪಿನಲ್ಲಿ ಕೊಡುತ್ತಾರೆ, ಜೊತೆಗೆ ಸೈಕ್ಲೋಫಾಸ್ಫಮೈಡ್. ಈ ಎರಡನೆಯದು ಮಕ್ಕಳಾಗುವ ಶಕ್ತಿಗೆ ಕುತ್ತು ತರಬಲ್ಲದ್ದರಿಂದ ಮುಂದೆ ಮಕ್ಕಳು ಬೇಕೆನ್ನುವವರಿಗೆ ಅದನ್ನು ಬಿಡುತ್ತಾರೆ. ಅಮೆರಿಕದಲ್ಲಿ 2018ರಲ್ಲಿ ಈ ಕಾಯಿಲೆಗೆ ಅನುಮತಿ ಪಡೆದ ರಿಟುಕ್ಸಿಮ್ಯಾಬ್ ಇಂದು ಇಲ್ಲೂ ಸಿಗುತ್ತದೆ. ಅದನ್ನು ಕೊಡುವ ಮುನ್ನ ಕ್ಷಯ, ಹೆಪಟೈಟಿಸ್-ಬಿ ಇಲ್ಲವೆಂದು ನೋಡಿಕೊಳ್ಳುತ್ತಾರೆ. ದಿನಾ ಸ್ಟೀರಾಯ್ಡ್ ನುಂಗುವವರಿಗೆ ಸಕ್ಕರೆ ಏರಬಹುದು, ಮೂಳೆ ಸವೆಯಬಹುದು, ಬಾಯಲ್ಲಿ ಬಿಳಿ ಬೂಷ್ಟು ಕಟ್ಟಬಹುದು. ಆದರೂ ಮಾತ್ರೆಯನ್ನು ತಾವಾಗಿ ಥಟ್ಟನೆ ನಿಲ್ಲಿಸುವುದು ಇವೆಲ್ಲಕ್ಕಿಂತ ಅಪಾಯಕಾರಿ.

ಇನ್ನು ಊಟ. ನಾಲಿಗೆಗೆ ರುಚಿ ಇದೆ, ಹಸಿವೂ ಇದೆ, ತುತ್ತು ಇಟ್ಟರೆ ಬೆಂಕಿ. ಹುಳಿ, ಖಾರ, ಬಿಸಿ ಮೂರೂ ಉರಿಸುತ್ತವೆ; ನಿಪ್ಪಟ್ಟು ಚಕ್ಕುಲಿಯ ಅಂಚು ಹೊಸ ಗಾಯ ಮಾಡುತ್ತದೆ. ಈ ಸೀಮೆಯ ಮುದ್ದೆ ಊಟ ಇಲ್ಲಿ ನೆರವಿಗೆ ಬರುತ್ತದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಉಪ್ಪೆಸರಿನಲ್ಲಿ ಕಾಳು ಸೊಪ್ಪು ಬೆಂದ ತಿಳಿಸಾರು ಬೇರೆ, ರುಬ್ಬಿದ ಖಾರ ಬೇರೆ. ಮನೆಯವರೆಲ್ಲ ತಟ್ಟೆಯಲ್ಲಿ ಖಾರ ಕಲಸಿಕೊಂಡರೆ, ಒಬ್ಬರು ಮಾತ್ರ ಆರಿದ ತಿಳಿಯಲ್ಲೇ ಮೆತ್ತನೆ ಮುದ್ದೆ ಅದ್ದಿ ನುಂಗಬಹುದು, ಬೇರೆ ಅಡುಗೆ ಬೇಕಿಲ್ಲ. ಗಂಟಲಿಗೂ ಹುಣ್ಣು ಇಳಿದಿದ್ದರೆ ಅದೂ ಆಗದು. ಆಗ ತೆಳ್ಳಗಿನ ರಾಗಿ ಅಂಬಲಿಯೇ ಗತಿ, ಹುಳಿ ಮಜ್ಜಿಗೆ ಬೆರೆಸದೆ. ಎಲೆ-ಅಡಿಕೆ ಸುಣ್ಣವನ್ನು ಬಿಡಲೇಬೇಕು.

ಉರಿಗೆ ಹೆದರಿ ಹಲ್ಲುಜ್ಜುವುದನ್ನು ಬಿಟ್ಟರೆ ಪಾಚಿ ಕಟ್ಟಿ ಒಸಡು ಇನ್ನಷ್ಟು ಹದಗೆಡುತ್ತದೆ. ಮಕ್ಕಳ ಮೆತ್ತನೆ ಬ್ರಷ್, ನೊರೆ ಬಾರದ, ಪುದೀನದ ಘಾಟಿಲ್ಲದ ಪೇಸ್ಟ್ ಹಿಡಿಸುತ್ತದೆ. ವೈದ್ಯರು ಬೀಟಾಮೆಥಾಸೋನ್ ಮಾತ್ರೆಯನ್ನು ನೀರಲ್ಲಿ ಕರಗಿಸಿ ಮುಕ್ಕಳಿಸಲು ಹೇಳಿದ್ದರೆ ಅದನ್ನು ಉಗುಳಬೇಕು, ನುಂಗಬಾರದು. ಮೈಮೇಲಿನ ಗಾಯಗಳು ಒಣಗಿದ ಮೇಲೂ ಬಾಯಿಯವು ಹಠ ಹಿಡಿದು ಕೂರುತ್ತವೆ. ಕಾಯಿಲೆ ಮರುಕಳಿಸಿದಾಗಲೂ ಹಲವು ಬಾರಿ ಮೊದಲ ಸುಳಿವು ಸಿಗುವುದು ಅಲ್ಲೇ, ಕೆನ್ನೆಯ ಒಳಗೆ ಕಡಲೆಯಷ್ಟಗಲ ಸುಲಿದ ಜಾಗವಾಗಿ.