ನಾಲ್ಕು ನೂರು ಸವಾರರು ಮತ್ತು ಲೆಕ್ಕದ ಕಡತ: ಆದಿಲ್‌ಶಾಹಿ ಸೀಮೆಯ ಇರಾನಿ ಕುಶಲಿಗರ ಬಗ್ಗೆ ಒಂದು ಮರುಓದು

ಬಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1534-1558) ಪಟ್ಟಕ್ಕೆ ಬಂದೊಡನೆ ಹೊರಡಿಸಿದ ಅಪ್ಪಣೆಗಳನ್ನು ಇತಿಹಾಸಕಾರ ಫೆರಿಷ್ತಾ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಶುಕ್ರವಾರದ ಖುತ್ಬಾದಿಂದ ಶಿಯಾ ಇಮಾಮರ ಹೆಸರುಗಳು ಹೋದವು. ಸೈನಿಕರು ಇರಾನಿನ ಸಫವಿ ಮಾದರಿಯ ಕೆಂಪು ಟೊಪ್ಪಿಗೆ ಧರಿಸುವುದು ನಿಂತಿತು. ಪರದೇಶದಿಂದ ಬಂದವರಲ್ಲಿ ನಾಲ್ಕು ನೂರು ಮಂದಿಯನ್ನು ಮೈಗಾವಲಿಗೆ ಇಟ್ಟುಕೊಂಡು ಉಳಿದವರನ್ನು ಬಿಡಿಸಿ, ಆ ಜಾಗಕ್ಕೆ ದಖನಿಗಳನ್ನೂ ಹಬಶಿಗಳನ್ನೂ ತರಲಾಯಿತು. ಫಾರಸಿಯಲ್ಲಿದ್ದ ಸರಕಾರಿ ಲೆಕ್ಕ ‘ಹಿಂದವಿ’ಗೆ ತಿರುಗಿ ಬ್ರಾಹ್ಮಣರ ಕೈ ಸೇರಿತು. ಈ ನಾಲ್ಕನ್ನೂ ಒಂದೇ ನೀತಿಯ ನಾಲ್ಕು ಮುಖಗಳೆಂದು ಓದುವುದು ವಾಡಿಕೆ. ಆ ವಾಡಿಕೆಯ ಬಗ್ಗೆಯೇ ನನ್ನ ತಕರಾರು.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದು. ಇರಾನಿನ ಕುಶಲಿಗರನ್ನು ಕರೆಸಿಕೊಳ್ಳುವುದು ಬಹಮನಿಗಳ ಕಾಲದಿಂದಲೂ ರಾಜಕಾರ್ಯವಾಗಿತ್ತು. ಶಿರಾಜಿನ ಕವಿ ಹಾಫಿಜ್‌ಗೆ ದಾರಿಖರ್ಚು ಕಳಿಸಿದ್ದು, ಆತ ಹೊರ್ಮುಜ್‌ವರೆಗೆ ಬಂದು ಸಮುದ್ರದ ಅಬ್ಬರಕ್ಕೆ ಅಂಜಿ ಮರಳಿದ್ದು ಫೆರಿಷ್ತಾ ಹೇಳುವ ಕತೆ. ಫಿರೋಜಶಾಹ (1397-1422) ವರ್ಷವರ್ಷವೂ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗು ಕಳಿಸಿ ವಿದ್ವಾಂಸರನ್ನು ಕರೆಸಿದನೆಂದೂ ಅವನೇ ಬರೆದಿದ್ದಾನೆ. ಗೀಲಾನಿನ ಮಹಮೂದ ಗವಾನ 1453ರಲ್ಲಿ ದಾಭೋಳದಲ್ಲಿ ವ್ಯಾಪಾರಿಯಾಗಿ ಇಳಿದು, ವಜೀರನಾಗಿ ಬೆಳೆದು, 1472-73ರಲ್ಲಿ ಬೆಳಗಾವಿಯ ಕೋಟೆ ಗೆದ್ದ. ಹೀಗೆ ಬಂದವರನ್ನು ಅಫಾಕಿಗಳು ಎನ್ನುತ್ತಿದ್ದರು, ಗರೀಬರು ಎಂದೂ ಕರೆಯುತ್ತಿದ್ದರು. ನಮ್ಮ ಮಾತಿನಲ್ಲಿ ಗರೀಬ ಎಂದರೆ ಬಡವ. ಆ ಕಾಲದ ಗ್ರಂಥಗಳಲ್ಲಿ ಊರು ಬಿಟ್ಟು ಬಂದವ. ಶೆರ್ವಾನಿ, ರಿಚರ್ಡ್ ಈಟನ್, ಸಂಜಯ ಸುಬ್ರಹ್ಮಣ್ಯಂ, ಎಮ್ಮಾ ಫ್ಲ್ಯಾಟ್ ಇವರ ಕೆಲಸದ ಮೇಲೆ ಈ ವಲಸೆಯ ಚಿತ್ರ ಸಾಕಷ್ಟು ನಿಚ್ಚಳವಾಗಿದೆ. ಅದನ್ನು ಇಲ್ಲಿ ಮತ್ತೆ ಬಿಡಿಸುವ ಅಗತ್ಯವಿಲ್ಲ.

ಬಿಡಿಸಬೇಕಾದದ್ದು ಲೆಕ್ಕದ ಭಾಷೆಯ ಗಂಟು. ಗ್ರಾಂಟ್ ಡಫ್ 1826ರ ತನ್ನ ಮರಾಠರ ಇತಿಹಾಸದಲ್ಲಿ ಫಾರಸಿಯ ಜಾಗಕ್ಕೆ ಮರಾಠಿ ಬಂತೆಂದು ಬರೆದ; ಆ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟಿತು. ಈಟನ್ ಅವರು 1978ರ ಬಿಜಾಪುರದ ಸೂಫಿಗಳ ಅಧ್ಯಯನದಲ್ಲಿ ಇಬ್ರಾಹಿಮನ ಈ ಕ್ರಮಗಳನ್ನು ಒಟ್ಟಾಗಿ, ಪರದೇಶಿಯಿಂದ ದೇಶಿಯತ್ತ ಹೊರಳಿದ ರಾಜ್ಯದ ಗುರುತಾಗಿ ಕಾಣುತ್ತಾರೆ. ಈಟನ್ ಅವರಿಗೆ ನಾವೆಲ್ಲ ಋಣಿಗಳು. ಆದರೂ ಬಿಜಾಪುರದ ಅರಮನೆಯಲ್ಲಿ ನಿಂತು ನೋಡಿದರೆ ಒಂದಾಗಿ ಕಾಣುವ ಈ ನಾಲ್ಕು ಅಪ್ಪಣೆಗಳು, ಕೃಷ್ಣಾ ದಂಡೆಯ ಅಥಣಿ, ರಾಯಬಾಗ, ಚಿಕ್ಕೋಡಿ, ಇತ್ತೀಚೆಗೆ ತಾಲ್ಲೂಕುಗಳಾದ ಕಾಗವಾಡ, ನಿಪ್ಪಾಣಿಗಳ ಹಳ್ಳಿಯಲ್ಲಿ ನಿಂತು ನೋಡಿದರೆ ಬೇರೆಬೇರೆಯಾಗಿ ಕಾಣುತ್ತವೆ ಎಂಬುದು ನನ್ನ ವಾದ.

ಮೊದಲು ಸವಾರರ ಸಂಗತಿ. ಕೆಲಸ ಕಳೆದುಕೊಂಡವರಲ್ಲಿ ಮೂರು ಸಾವಿರ ಮಂದಿಯನ್ನು ವಿಜಯನಗರದ ರಾಮರಾಯ ಸೇರಿಸಿಕೊಂಡನೆಂದು ಫೆರಿಷ್ತಾನೇ ಹೇಳುತ್ತಾನೆ. ಕುದುರೆಯ ಮೇಲಿಂದ ಕಾದುವ ಅವರ ವಿದ್ಯೆಗೆ ದಖನ್ನಿನಲ್ಲಿ ಆಗಲೂ ಬೆಲೆಯಿತ್ತು, ಕೊಳ್ಳುವವನೂ ತುಂಗಭದ್ರೆಯ ಆಚೆಗೇ ಕಾಯುತ್ತಿದ್ದ. ಹಾಗಾದರೆ ಇಬ್ರಾಹಿಂ ಅವರನ್ನು ಬಿಟ್ಟದ್ದು ಅವರ ವಿದ್ಯೆ ಬೇಡವಾಗಿ ಅಲ್ಲ. ಅವರ ನಿಷ್ಠೆಯ ಮೇಲೆ ಅವನಿಗೆ ಅನುಮಾನವಿತ್ತು, ದರಬಾರಿನಲ್ಲಿ ದಖನಿಗಳ ಬಲ ಬೇಕಿತ್ತು. ಇದು ಪೂರ್ತಿ ರಾಜಕೀಯದ ನಡೆ. ಅಷ್ಟಾದರೂ ತನ್ನ ಜೀವ ಕಾಯಲು ಅವನು ನೆಚ್ಚಿದ್ದು ಅದೇ ಪರದೇಶಿಗಳಲ್ಲಿ ನಾಲ್ಕು ನೂರು ಮಂದಿಯನ್ನು ಎಂಬುದನ್ನು ನಮ್ಮ ಬರಹಗಳು ಬೇಗ ದಾಟಿ ಹೋಗುತ್ತವೆ.

ಅಪ್ಪಣೆಗೆ ಹೊರಗಾಗಿ ಉಳಿದವನು ಅಸದಖಾನ ಲಾರಿ. ಹೆಸರೇ ಹೇಳುವಂತೆ ಇರಾನಿನ ಲಾರ್ ಸೀಮೆಯವನು. ಇಬ್ರಾಹಿಮನ ತಂದೆ, ಆಗಿನ ಬಾಲ ಸುಲ್ತಾನ ಇಸ್ಮಾಯಿಲನನ್ನು ರಾಜಪ್ರತಿನಿಧಿ ಕಮಾಲಖಾನನ ಸಂಚಿನಿಂದ ಕಾಪಾಡಿದ್ದಕ್ಕೆ ಪದವಿಯನ್ನೂ ಬೆಳಗಾವಿಯನ್ನೂ ಪಡೆದವನು. ಇಬ್ರಾಹಿಮನಿಗೆ ಇವನ ಮೇಲೆ ಗುಮಾನಿ ಇರಲಿಲ್ಲವೆಂದಲ್ಲ. ಅಹಮದನಗರದ ನಿಜಾಮಶಾಹನಿಗೆ ಕೋಟೆ ಒಪ್ಪಿಸುತ್ತಾನೆಂಬ ಸುದ್ದಿ ದರಬಾರಿನಲ್ಲಿ ಹಬ್ಬಿತ್ತು. ಆದರೂ 1549ರಲ್ಲಿ ಸಾಯುವವರೆಗೆ ಬೆಳಗಾವಿ ಅವನದಾಗಿಯೇ ಇತ್ತು. ಪರದೇಶಿಗಳನ್ನು ಹೊರಹಾಕಿದ ಕಾಲವೆಂದು ನಾವು ಕರೆಯುವ ಹದಿನೈದು ವರ್ಷ ನಮ್ಮ ಈ ಜಿಲ್ಲೆಯ ಮುಖ್ಯ ಕೋಟೆ ಒಬ್ಬ ಇರಾನಿಯ ಕೈಯಲ್ಲಿತ್ತು.

ಈಗ ಲೆಕ್ಕಕ್ಕೆ ಬರೋಣ. ಫಾರಸಿಯಲ್ಲಿ ಲೆಕ್ಕ ಬರೆಯುವುದೂ ಇರಾನಿನಿಂದ ಬಂದ ಕುಶಲತೆಯೇ. ಇಂದು ತೆಹರಾನಿನ ಎಂಜಿನಿಯರ್ ಕೆನಡಾಕ್ಕೆ ಅರ್ಜಿ ಹಾಕಿದರೆ ವಯಸ್ಸು, ಓದು, ಭಾಷೆ, ಅನುಭವಗಳಿಗೆ ಅಂಕ ಹಚ್ಚುತ್ತಾರೆ. ಆ ಪದ್ಧತಿ ಅಲ್ಲಿ ಶುರುವಾದದ್ದು 1967ರಲ್ಲಿ. ಬ್ರಿಟನ್ ಬಹುಕಾಲ ಕೊರತೆಯಿರುವ ಉದ್ಯೋಗಗಳ ಪಟ್ಟಿಯನ್ನೇ ಇಟ್ಟುಕೊಂಡಿತ್ತು. ಹದಿನಾರನೆಯ ಶತಮಾನಕ್ಕೆ ಇದನ್ನು ಹಾಗೆಯೇ ಹೊಂದಿಸುವುದು ತಪ್ಪು. ಅಂದು ಅರ್ಜಿಯಿರಲಿಲ್ಲ, ಪರಿಚಯದ ಓಲೆ, ನೆಂಟಸ್ತಿಕೆ, ಸರಕು ಇದ್ದವು. ಆದರೆ ಪಟ್ಟಿಯ ಹಿಂದಿರುವ ಪ್ರಶ್ನೆಯನ್ನು ಎರವಲು ಪಡೆಯಬಹುದು: ಈ ವಿದ್ಯೆ ಬಲ್ಲವರು ಈ ನೆಲದಲ್ಲಿ ಮೊದಲೇ ಇದ್ದರೆ? ಲೆಕ್ಕ ಬಲ್ಲವರು ಇಲ್ಲಿ ಯಥೇಚ್ಛವಾಗಿದ್ದರು. ಹಳೆಯ ಕನ್ನಡ ಶಾಸನಗಳ ಕರಣ, ಸೇನಬೋವರಿಂದ ಹಿಡಿದು ಕುಲಕರ್ಣಿ, ದೇಶಪಾಂಡೆಯವರವರೆಗೆ ಹೊಲದ ಎಲ್ಲೆ, ತೆರಿಗೆ, ಬಾಕಿ ಬರೆದಿಡುವ ವಂಶಗಳು ಊರೂರಲ್ಲಿದ್ದವು. ಫಾರಸಿಯ ಬರಹಗಾರ ಇವರ ಲೆಕ್ಕವನ್ನೇ ತಿರುಗಿಸಿ ಬರೆಯಬೇಕಿತ್ತು. ಅವನು ನಡುವಿನವನು; ನಡುವಿನವನನ್ನು ತೆಗೆದರೆ ಖರ್ಚು ಉಳಿಯುತ್ತದೆ.

ಇದಕ್ಕೆ ನನಗೆ ಕಾಣುವ ಬಲವಾದ ಆಧಾರ 1558ರದು. ಮೊದಲನೆಯ ಅಲಿ ಆದಿಲ್‌ಶಾಹ ಪಟ್ಟಕ್ಕೆ ಬಂದು ಶಿಯಾ ಖುತ್ಬಾವನ್ನು ಮರಳಿ ತಂದ, ಅಫಾಕಿಗಳನ್ನು ಮರಳಿ ಕರೆದ. ಶಿರಾಜಿನಿಂದ ವ್ಯಾಪಾರಕ್ಕೆ ಬಂದ ರಫೀಉದ್ದೀನ ಅವನ ಆಳ್ವಿಕೆಯಲ್ಲೇ ಸೇವೆಗೆ ಸೇರಿ, ಮುಂದೆ ಇತಿಹಾಸಕಾರನಾದ. ನಾಲ್ಕೂ ಅಪ್ಪಣೆಗಳು ಒಂದೇ ನೀತಿಯಾಗಿದ್ದರೆ ನಾಲ್ಕೂ ಒಟ್ಟಿಗೆ ತಿರುಗಬೇಕಿತ್ತು. ಧರ್ಮ ತಿರುಗಿತು, ಸವಾರರು ತಿರುಗಿ ಬಂದರು. ಹಳ್ಳಿಯ ಲೆಕ್ಕ ಫಾರಸಿಗೆ ತಿರುಗಲಿಲ್ಲ. ಗ. ಹ. ಖರೆ ಅವರು ಪ್ರಕಟಿಸಿದ ಆದಿಲ್‌ಶಾಹಿ ಕಾಗದಪತ್ರಗಳಲ್ಲಿ ಫಾರಸಿಯ ಜೊತೆಗೆ ಮೋಡಿ ಲಿಪಿಯ ಮರಾಠಿಯೂ ಇರುವ ದ್ವಿಭಾಷಾ ಫರ್ಮಾನುಗಳಿವೆ. ಅರಮನೆಯ ಭಾಷೆಯಾಗಿ ಫಾರಸಿ ಉಳಿಯಿತು, ಆದರೆ ನೆಲದ ಮಾತು ಕಾಗದದಿಂದ ಮತ್ತೆ ಇಳಿಯಲಿಲ್ಲ.

ಇಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಇಡುತ್ತೇನೆ, ಅಳುಕಿನಿಂದಲೇ. ಫೆರಿಷ್ತಾನ ‘ಹಿಂದವಿ’ ಒಂದು ಭಾಷೆಯ ಹೆಸರಲ್ಲ. ಈ ಸೀಮೆಯ ಮಟ್ಟಿಗೆ ಅದು ಕುಲಕರ್ಣಿ ಬರೆಯುತ್ತಿದ್ದ ಭಾಷೆ ಯಾವುದೋ ಅದು. ಒಂದು ಊರಲ್ಲಿ ಕನ್ನಡ, ಹೊಳೆಯಾಚೆಯ ಊರಲ್ಲಿ ಮೋಡಿ ಮರಾಠಿ, ಕೆಲವೆಡೆ ಒಂದೇ ಕೈಯಲ್ಲಿ ಎರಡೂ. ಅಪ್ಪಣೆ ಆರಿಸಿದ್ದು ಬರೆಯುವ ಮನುಷ್ಯನನ್ನು. ಭಾಷೆ ಅವನ ಹಿಂದೆ ಬಂತು. ಈ ಮಾತಿಗೆ ಮೂರು ಎಚ್ಚರಿಕೆ ಸೇರಿಸಲೇಬೇಕು. ಫೆರಿಷ್ತಾ ಬಿಜಾಪುರಕ್ಕೆ ಬಂದದ್ದು 1589ರಲ್ಲಿ. ಅವನೂ ಅಸ್ತರಾಬಾದಿನಿಂದ ಬಂದ ಅಫಾಕಿ, ತನ್ನವರಿಗಾದ ನೋವನ್ನು ಎರಡು ತಲೆಮಾರಿನ ಮೇಲೆ ಬರೆದವನು. ಕೆಲಸ ಕಳೆದುಕೊಂಡ ಬರಹಗಾರರು ಎಲ್ಲಿಗೆ ಹೋದರೆಂದು ಅವನು ಹೇಳುವುದಿಲ್ಲ; ಆ ಮೌನದ ಮೇಲೆ ಹೆಚ್ಚು ಭಾರ ಹಾಕಬಾರದು. ಮೂರನೆಯದು, ಉಳಿದ ಕಾಗದಗಳಲ್ಲಿ ಮರಾಠಿಯೇ ಹೆಚ್ಚು ಎಂಬ ಆಕ್ಷೇಪ. ಅದು ನಿಜ. ಆದರೆ ಕಾಗದ ಹುಡುಕಿ ಕೂಡಿಸಿದವರು ಬಹುಪಾಲು ಪುಣೆಯವರು. 1910ರಲ್ಲಿ ಹುಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳ ತನ್ನ ಸುತ್ತಲಿನ ಮನೆತನಗಳ ದಫ್ತರಗಳನ್ನು ಶ್ರದ್ಧೆಯಿಂದ ಉಳಿಸಿತು. ಅಥಣಿ, ರಾಯಬಾಗದ ಮನೆಗಳಿಗೆ ಅಂಥ ಶ್ರದ್ಧೆ ಅಷ್ಟೇ ತಲುಪಲಿಲ್ಲ. ಉಳಿದ ಕಾಗದದ ಲೆಕ್ಕವನ್ನೇ ಬರೆದ ಕಾಗದದ ಲೆಕ್ಕವೆಂದು ಹಿಡಿಯಬಾರದು. ಕರ್ನಾಟಕ-ಮಹಾರಾಷ್ಟ್ರ ಗಡಿಯ ಮಹಾಜನ ವರದಿಯ ಮೇಲೆ ಕಾದಾಡಿದ ನಮ್ಮ ಎರಡೂ ಕಡೆಯವರು ಹದಿನಾರನೆಯ ಶತಮಾನದ ‘ಹಿಂದವಿ’ಯನ್ನು ತಮ್ಮ ಸಾಕ್ಷಿಯಾಗಿ ಕರೆಯದಿರುವುದು ಒಳ್ಳೆಯದು.

ಅಥಣಿ ಪೇಟೆಯ ಹಳೆಯ ಅಂಗಡಿಯೊಂದರಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ವಹಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ್ದೇನೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಳಗೆ ಬಾಕಿ. ಹೊದಿಕೆಯ ಮೇಲೆ ರೋಜಕೀರ್ದಿ ಎಂದು ಬರೆದಿತ್ತು. ರೋಜ್ ಎಂದರೆ ಫಾರಸಿಯಲ್ಲಿ ದಿನ. ಒಳಗಿನ ಮಾತು ಅಪ್ಪಟ ಕನ್ನಡ: ಯಾರಿಗೆ ಎಷ್ಟು ಚೀಲ ಕೊಟ್ಟದ್ದು, ಯಾರಿಂದ ಎಷ್ಟು ಬಂದದ್ದು. ವಹಿ ನೂರು ವರ್ಷಕ್ಕಿಂತ ಹಳೆಯದಲ್ಲ, ಅದರಿಂದ 1535ರ ಬಗ್ಗೆ ಏನನ್ನೂ ಸಾಧಿಸಲಾಗದು. ಆದರೆ ಕಾರಕೂನ, ದಫ್ತರ, ಜಮಾ, ಖರ್ಚುಗಳನ್ನು ಕನ್ನಡದ ವಾಕ್ಯದೊಳಗೆ ಕೂರಿಸಿದ್ದು ಇರಾನಿನಿಂದ ಬಂದ ಬರಹಗಾರನ ಪಕ್ಕ ಕೂತು ಕೆಲಸ ಕಲಿತ ಕೈ ಎಂದೇ ನನಗೆ ತೋರುತ್ತದೆ. ಒಬ್ಬನ ಜಾಗಕ್ಕೆ ಇನ್ನೊಬ್ಬ ಬಂದ. ಬಂದವನು ಹೋದವನ ಶಬ್ದಗಳನ್ನು ಇಟ್ಟುಕೊಂಡ.

ಮುಂದಿನ ಕೆಲಸ ಕಾಗದಗಳದು. ಇಬ್ರಾಹಿಮನ ಕಾಲದ ಒಂದಾದರೂ ಗ್ರಾಮಲೆಕ್ಕ ಈ ಐದು ತಾಲ್ಲೂಕುಗಳ ದೇಸಾಯಿ ಅಥವಾ ಕುಲಕರ್ಣಿ ಮನೆತನದ ಗಂಟಿನಿಂದ ಹೊರಬಂದರೆ ಇಲ್ಲಿ ಹೇಳಿದ್ದು ಗಟ್ಟಿಯಾಗಬಹುದು, ಪೂರ್ತಿ ಬಿದ್ದೂ ಹೋಗಬಹುದು. ಇಬ್ರಾಹಿಮನ ಅಪ್ಪಣೆಯ ನಂತರವೂ ಬೆಳಗಾವಿಯಲ್ಲಿ ಉಳಿದ ಅಸದಖಾನನ ಜಹಗೀರಿನ ಲೆಕ್ಕವನ್ನು ಯಾರು, ಯಾವ ಲಿಪಿಯಲ್ಲಿ ಬರೆದರು ಎಂಬುದು ನಾನು ಮೊದಲು ಹುಡುಕಬೇಕೆಂದಿರುವ ಪ್ರಶ್ನೆ.