ಗಾಡಿ ಕಟ್ಟಿದ ಮಕ್ಕಳು

ಕುಣಿಗಲ್ ಎಂದರೆ ಹೊರಗಿನವರಿಗೆ ಕೆರೆ ನೆನಪಾಗುತ್ತದೆ. ಹುಲಿಯೂರುದುರ್ಗದ ನಮಗೆ ಅದರ ಜೊತೆಗೇ ಕುದುರೆ ಫಾರಂ ಕೂಡ ನೆನಪಾಗುತ್ತದೆ. ಟಿಪ್ಪು ಸುಲ್ತಾನನ ಸೈನ್ಯಕ್ಕೆ ಕುದುರೆ ಸಾಕಿದ ಜಾಗ ಅದು. ಮುಂದೆ ಅಲ್ಲಿ ಹುಟ್ಟಿದ ಕುದುರೆಗಳು ಬೆಂಗಳೂರಿನ ರೇಸಿನಲ್ಲಿ ಓಡಿದವು. ಹೀಗಾಗಿ, ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲಿ ತಾವೇ ರೇಸಿನ ಕಾರು ಕಟ್ಟಲು ಹೊರಟು ತಮ್ಮ ತಂಡಕ್ಕೆ ‘ಅಶ್ವ’ ಎಂದು ಹೆಸರಿಟ್ಟರೆಂದು ಓದಿದಾಗ ನನಗೆ ನಗು ಬಂತು. ಕುದುರೆ ಹೋಗಿ ಕಾರು ಬಂದರೂ ಹೆಸರು ಮಾತ್ರ ಕುದುರೆಯದೇ!

ಸಮಾಜ ಪಾಠ ಹೇಳುವ ನನಗೂ ಮೋಟಾರು ಗಾಡಿಗೂ ಏನು ಸಂಬಂಧ ಎನ್ನುತ್ತೀರಿ. ಸಂಬಂಧ ತಂದದ್ದು ನಮ್ಮ ಶಾಲೆಯಲ್ಲಿ ಓದಿ ಇಂಜಿನಿಯರಿಂಗ್ ಸೇರಿದ ಒಬ್ಬ ಹುಡುಗಿ. “ಮಿಸ್, ನಾವು ಇಪ್ಪತ್ತೈದು ಜನ ಸೇರಿ ಗಾಡಿ ಮಾಡ್ತಿದೀವಿ” ಎಂದು ದಸರಾ ರಜೆಯಲ್ಲಿ ಬಂದು ಹೇಳಿದಳು. ಕೊಂಡು ತಂದು ಜೋಡಿಸುವುದಲ್ಲ. ಉಕ್ಕಿನ ಕೊಳವೆ ಕತ್ತರಿಸಿ, ಬಗ್ಗಿಸಿ, ಬೆಸೆದು ಗೂಡು ಕಟ್ಟಬೇಕು; ಸ್ಟಿಯರಿಂಗ್, ಬ್ರೇಕು, ಸಸ್ಪೆನ್ಷನ್ ಎಲ್ಲದರ ಲೆಕ್ಕ ತಾವೇ ಹಾಕಬೇಕು; ಕೊನೆಗೆ ದೇಶದ ಬೇರೆ ಬೇರೆ ಕಾಲೇಜುಗಳ ಗಾಡಿಗಳ ಎದುರು ಓಡಿಸಬೇಕು. ಇತಿಹಾಸ ಓದಿದವರಿಗೆ ಒಂದು ಚಾಳಿ ಇರುತ್ತದೆ. ಏನು ಕೇಳಿದರೂ ಇದು ಮೊದಲು ಎಲ್ಲಿ ಶುರುವಾಯಿತು ಎಂದು ಹುಡುಕುತ್ತೇವೆ. ನಾನೂ ಹುಡುಕಿದೆ.

ನಮ್ಮ ನಾಡಿನಲ್ಲಿ ಕಾರಿನ ಕನಸು ಹಳೆಯದು. 1917ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು ತಂದ ವಿಶ್ವೇಶ್ವರಯ್ಯನವರೇ, 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಬಂದು, ನಮ್ಮ ದೇಶದಲ್ಲಿ ಮೋಟಾರು ಕಾರ್ಖಾನೆ ತೆರೆಯುವ ಯೋಜನೆ ಹಾಕಿದರು. ಮೈಸೂರು ಸಂಸ್ಥಾನ ಒಲವು ತೋರಿತು, ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಗಿದ್ದರು. ಆದರೆ ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. 1940ರಲ್ಲಿ ವಾಲಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅವರ ಕಾರಿನ ಕಾರ್ಖಾನೆ 1944ರಲ್ಲಿ ಬೊಂಬಾಯಿಯಲ್ಲಿ ಶುರುವಾಯಿತು. ವಿಮಾನ ಸಿಕ್ಕ ಊರಿಗೆ ಕಾರು ತಪ್ಪಿಹೋಯಿತು!

ವಿದ್ಯಾರ್ಥಿಗಳೇ ತಂಡ ಕಟ್ಟಿ ವಾಹನ ಮಾಡುವ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. 1976ರಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಕಲ್ಲುಮುಳ್ಳಿನ ಹಾದಿಯ ಗಾಡಿಗಳ ‘ಬಾಹಾ’ ಸ್ಪರ್ಧೆ, 1981ರಲ್ಲಿ ಟೆಕ್ಸಾಸಿನಲ್ಲಿ ರೇಸು ಕಾರುಗಳ ‘ಫಾರ್ಮುಲಾ’ ಸ್ಪರ್ಧೆ ಆರಂಭವಾದವು. ನಮ್ಮಲ್ಲಿ ಬಾಹಾ ಮೊದಲು ನಡೆದದ್ದು 2007ರಲ್ಲಿ, ಮಧ್ಯಪ್ರದೇಶದ ಪೀತಂಪುರದಲ್ಲಿ.

ನನ್ನ ಮನಸ್ಸು ನಿಂತದ್ದು ಮಾತ್ರ 1990ರ ಒಂದು ಓಟದ ಮೇಲೆ. ಆ ಜುಲೈಯಲ್ಲಿ 32 ಕಾಲೇಜುಗಳ ವಿದ್ಯಾರ್ಥಿಗಳು ಬಿಸಿಲಿನಿಂದಲೇ ಓಡುವ ಕಾರುಗಳನ್ನು ಕಟ್ಟಿ, ಫ್ಲಾರಿಡಾದಿಂದ ಮಿಷಿಗನ್‌ವರೆಗೆ ಹನ್ನೊಂದು ದಿನ ಓಡಿಸಿದರು. ಗೆದ್ದದ್ದು ಮಿಷಿಗನ್ ವಿಶ್ವವಿದ್ಯಾಲಯದ ‘ಸನ್‌ರನ್ನರ್’. ಅದೇ ವರ್ಷ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಸುಮಾರು 3000 ಕಿಲೋಮೀಟರ್ ಓಟದಲ್ಲಿ ಅದು ಮೂರನೆಯದಾಗಿ ಬಂತು. ಎರಡನೆಯದು ಜಪಾನಿನ ದೊಡ್ಡ ಕಂಪನಿ ಹೋಂಡಾ. ಮೊದಲನೆಯದು ಯಾರೆಂದುಕೊಂಡಿರಿ? ಸ್ವಿಟ್ಜರ್ಲೆಂಡಿನ ಬೀಲ್ ಎಂಬ ಊರಿನ ಇಂಜಿನಿಯರಿಂಗ್ ಶಾಲೆ!

ಸನ್‌ರನ್ನರ್ ತಂಡದಲ್ಲಿ ಬೆಂಗಳೂರಿನ ಹುಡುಗರೊಬ್ಬರಿದ್ದರು, ಚೇತನ್ ಮೈನಿ. ಓದು ಮುಗಿಸಿ ಊರಿಗೆ ಬಂದು, 1994ರಲ್ಲಿ ಸ್ಥಾಪನೆಯಾದ ಕಂಪನಿಯಲ್ಲಿ ಅವರು ವಿದ್ಯುತ್ ಕಾರಿನ ಕೆಲಸ ಹಿಡಿದರು. 2001ರಲ್ಲಿ ‘ರೇವಾ’ ಬೀದಿಗಿಳಿಯಿತು. ಎರಡೇ ಬಾಗಿಲು, ಮುಂದೆ ಇಬ್ಬರು, ಹಿಂದೆ ಕೂರಲು ಮಕ್ಕಳಿಗಷ್ಟೇ ಜಾಗ. ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರ್. ಆಟಿಕೆ ಎಂದು ಜನ ನಕ್ಕರು. ಲಂಡನ್ನಿನ ಬೀದಿಗಳಲ್ಲಿ ಅದೇ ಕಾರು ಬೇರೆ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಕಂಪನಿ ಮಹೀಂದ್ರದವರ ಕೈಸೇರಿತು. ಈಗ ತುಮಕೂರು ರಸ್ತೆಯಲ್ಲಿ ಹಸಿರು ನಂಬರ್ ಪ್ಲೇಟಿನ ಗಾಡಿಗಳನ್ನು ಕಂಡಾಗಲೆಲ್ಲ ನನಗೆ ಆ ಪುಟ್ಟ ಕಾರು ನೆನಪಾಗುತ್ತದೆ. ಅಂದಹಾಗೆ, ರೇವಾ ಎನ್ನುವುದು ಚೇತನ್ ಅವರ ತಾಯಿಯ ಹೆಸರು.

ತಾಯಿಯ ಹೆಸರು ಕಾರಿಗೆ ಬಂದದ್ದು ಸಂತೋಷವೇ. ಆದರೆ ಗಾಡಿಗೆ ಹೆಣ್ಣಿನ ಹೆಸರಿಡುವುದು ಒಂದು, ಗಾಡಿ ಕಟ್ಟುವ ಜಾಗಕ್ಕೆ ಹೆಣ್ಣನ್ನು ಬಿಟ್ಟುಕೊಳ್ಳುವುದು ಇನ್ನೊಂದು. 1974ರಲ್ಲಿ ಪುಣೆಯ ಟೆಲ್ಕೋ ಕಾರ್ಖಾನೆ ಇಂಜಿನಿಯರುಗಳನ್ನು ಕರೆದಾಗ, ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದು ಜಾಹೀರಾತಿನಲ್ಲೇ ಹೇಳಿತ್ತು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದ ಸುಧಾ ಅವರು, ಇಂದಿನ ಸುಧಾ ಮೂರ್ತಿ, ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡು ಬರೆದ ಕಥೆ ನಿಮಗೆಲ್ಲ ಗೊತ್ತು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಅದಾದ ಹದಿನಾರೇ ವರ್ಷಕ್ಕೆ ಗೆದ್ದ ಆ ಸನ್‌ರನ್ನರ್ ಯೋಜನೆಯನ್ನು ಮುನ್ನಡೆಸಿದ ವಿದ್ಯಾರ್ಥಿ ಯಾರು ಗೊತ್ತೆ? ಸೂಸನ್ ಫ್ಯಾನ್ಸಿ ಎಂಬ ಹೆಣ್ಣುಮಗಳು. ಇದನ್ನು ತಿಳಿದ ದಿನ ನಾನು ಹತ್ತನೇ ತರಗತಿಯಲ್ಲಿ ಪಾಠ ನಿಲ್ಲಿಸಿ ಆಕೆಯ ಹೆಸರನ್ನು ಬೋರ್ಡಿನ ಮೇಲೆ ಬರೆದೆ.

ನಮ್ಮ ಹುಡುಗಿಯ ತಂಡದಲ್ಲಿ ಇಪ್ಪತ್ತೈದು ಜನರಲ್ಲಿ ಹೆಣ್ಣುಮಕ್ಕಳು ನಾಲ್ವರು. ನಾಲ್ವರಿಗೂ ಕೊಟ್ಟದ್ದು ಖರ್ಚಿನ ಲೆಕ್ಕ, ವರದಿ, ಪ್ರಾಯೋಜಕರಿಗೆ ಕಾಗದ ಬರೆಯುವ ಕೆಲಸ. ಅದೇನು ಕೀಳು ಕೆಲಸವಲ್ಲ. ಫಾರ್ಮುಲಾ ನಿಯಮದಲ್ಲಿ ಒಟ್ಟು 1000 ಅಂಕಗಳಲ್ಲಿ 325 ಗಾಡಿ ಓಡುವ ಮೊದಲೇ ಬರುವಂಥವು: ವಿನ್ಯಾಸಕ್ಕೆ 150, ಖರ್ಚಿನ ಲೆಕ್ಕಕ್ಕೆ 100, ವ್ಯಾಪಾರದ ಯೋಜನೆ ಮಂಡಿಸುವುದಕ್ಕೆ 75. ಒಂದೊಂದು ಬೋಲ್ಟಿನ ಬೆಲೆಯೂ ಪಟ್ಟಿಯಲ್ಲಿರಬೇಕು. ತಿಂಗಳ ಕೊನೆಯಲ್ಲಿ ದಿನಸಿ ಲೆಕ್ಕ ಹಾಕಿದ ಯಾವ ಗೃಹಿಣಿಗಾದರೂ ಇದರ ಕಷ್ಟ ಅರ್ಥವಾದೀತು. ಆದರೆ ಅವಳಿಗೆ ಬೇಕಿದ್ದದ್ದು ವೆಲ್ಡಿಂಗ್. ಕೇಳಿದರೆ, “ನೀವು ಸಂಜೆ ಹೋಗ್ಬಿಡ್ತೀರಲ್ಲ” ಎಂದರಂತೆ ಹುಡುಗರು. ಅವರು ಹೇಳಿದ್ದು ಸುಳ್ಳಲ್ಲ. ಹಗಲೆಲ್ಲ ತರಗತಿ, ಗಾಡಿಯ ಕೆಲಸ ನಡೆಯುವುದು ರಾತ್ರಿ, ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಮುಚ್ಚುವುದು ಏಳಕ್ಕೆ. ಅವಳ ಕಾಲೇಜಿನ ಹೆಸರು ಇಲ್ಲಿ ಬೇಡ. ಇಂಥ ಗೇಟುಗಳು ಊರೂರಲ್ಲಿವೆ.

ಆ ರಜೆಯಲ್ಲಿ ಅವಳು ಸುಮ್ಮನೆ ಕೂರಲಿಲ್ಲ. ನಮ್ಮೂರ ಪೇಟೆಯಲ್ಲಿ ಕಿಟಕಿಗೆ ಗ್ರಿಲ್ ಮಾಡುವ ಅಂಗಡಿಗೆ ಹೋಗಿ, ಮುಖಕ್ಕೆ ಕರಿಗಾಜಿನ ಕವಚ ಹಿಡಿದು ಬೆಸುಗೆ ಕಲಿತಳು. ಚೂಡಿದಾರದ ದುಪ್ಪಟ್ಟದಲ್ಲಿ ಕಿಡಿ ಬಿದ್ದು ಆದ ತೂತುಗಳನ್ನು ನನಗೆ ಪದಕದಂತೆ ತೋರಿಸಿದಳು. ಅಂಗಡಿಯವರು ಮೊದಲ ಎರಡು ದಿನ ತಮಾಷೆ ಮಾಡಿದರು, ಮೂರನೆಯ ದಿನ ಒಂದು ಗೇಟಿನ ಮೂಲೆಯನ್ನೇ ಅವಳ ಕೈಗೆ ಬಿಟ್ಟರು.

ಕಾಲೇಜು ತೆರೆದ ಮೇಲೆ, ತಂದೆತಾಯಿ ಬರೆದುಕೊಟ್ಟರೆ ತಡವಾಗಿ ಬರಲು ಬಿಡುತ್ತೇವೆ ಎಂದು ವಾರ್ಡನ್ ಹೇಳಿದರಂತೆ. ಅವಳ ತಂದೆ ರಾಗಿ, ತೆಂಗು ಬೆಳೆಯುವವರು. ಭಾನುವಾರ ನಮ್ಮ ಮನೆಗೆ ಬಂದು, “ನೀವೇ ಒಂದು ಕಾಗ್ದ ಬರ್ಕೊಡಿ ಮೇಡಮ್ಮೋರೆ, ನಾನು ರುಜು ಹಾಕ್ತೀನಿ” ಎಂದರು. ನಾನು ಯೋಚಿಸಿ, ನನ್ನ ಮಗಳು ಕಾಲೇಜಿನ ವರ್ಕ್‌ಷಾಪಿನಲ್ಲಿ ರಾತ್ರಿ ಎಂಟೂವರೆಯವರೆಗೆ ಕೆಲಸ ಮಾಡಲು ನನ್ನ ಒಪ್ಪಿಗೆಯಿದೆ ಎಂದು ಬರೆದು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಎಂಟೂವರೆ ಯಾತಕ್ಕೂ ಸಾಲ್ದು ಮೇಡಮ್ಮೋರೆ. ಹತ್ತು ಅಂತ ಮಾಡಿ. ಆ ಹುಡುಗ್ರು ಶುರು ಮಾಡೋದೇ ಎಂಟಕ್ಕಂತೆ.”

ನಾನು ಹೊಸ ಹಾಳೆ ತೆಗೆದುಕೊಂಡೆ.