ಡಿಜಿಟಲ್ ಪ್ಯಾನೆಲ್ ಮೀಟರ್ (ವಿದ್ಯುತ್ ಉಪಕೇಂದ್ರ)

ವಿದ್ಯುತ್ ಉಪಕೇಂದ್ರದ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಕೂತು ಊರುಗಳಿಗೆ ವಿದ್ಯುತ್ ಒಯ್ಯುವ ಲೈನಿನ, ಅಂದರೆ ಫೀಡರಿನ, ಕರೆಂಟನ್ನೂ ವೋಲ್ಟೇಜನ್ನೂ ಅಂಕಿಗಳಲ್ಲಿ ತೋರಿಸುವ ಉಪಕರಣ. 11 ಕೆ.ವಿ. ಲೈನಿಗೆ ಇದನ್ನು ನೇರವಾಗಿ ಜೋಡಿಸುವುದಿಲ್ಲ, ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಕರೆಂಟನ್ನು 5 ಅಥವಾ 1 ಆಂಪಿಯರಿಗೆ, ಪಿ.ಟಿ. (ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್) ವೋಲ್ಟೇಜನ್ನು 110 ವೋಲ್ಟಿಗೆ ಇಳಿಸಿ ಕೊಡುತ್ತವೆ. ಸಿ.ಟಿ.ಯಲ್ಲೇ ಇರುವ ತಪ್ಪನ್ನು ಮೀಟರಿನ ದಶಾಂಶಗಳು ತಿದ್ದಲಾರವು. ಹಾಗಾಗಿ, ಹೆಚ್ಚು ನಿಖರವಾದ್ದರಿಂದಲೇ ಅಂಕಿಯ ಮೀಟರ್ ಮುಳ್ಳಿನ ಮೀಟರಿನ ಜಾಗ ಹಿಡಿಯಿತು ಎಂಬ ವಿವರಣೆ ಸಾಲದು. ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಂಥ ಬೇಸಾಯದ ಊರುಗಳ ಫೀಡರುಗಳಲ್ಲಿ ಅದರಿಂದಾದ ದೊಡ್ಡ ಉಪಕಾರ ಬೇರೆ: ಕಡಿಮೆ ಲೋಡೂ ಮೂರು ಫೇಸುಗಳ ಏರುಪೇರೂ ಕಣ್ಣಿಗೆ ಬೀಳುವಂತಾಯಿತು.

ಈ ಸೀಮೆಯ ಪಕ್ಕದಲ್ಲೇ ಇರುವ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 147 ಕಿ.ಮೀ. ದೂರಕ್ಕೆ, ಕರೆಂಟು ಹರಿಯಿತು. ಅಂದಿನಿಂದ ದಶಕಗಳ ಕಾಲ ಅಳತೆಯೆಂದರೆ ಮುಳ್ಳೇ. ಅಮೆರಿಕದ ಆಂಡ್ರ್ಯೂ ಕೇ 1950ರ ದಶಕದ ಆರಂಭದಲ್ಲಿ ತಯಾರಿಸಿದ ಡಿಜಿಟಲ್ ವೋಲ್ಟ್‌ಮೀಟರ್ ಪ್ರಯೋಗಾಲಯದ ಸಾಮಗ್ರಿಯಾಗಿತ್ತು. 1970ರ ದಶಕದ ಕೊನೆಯಲ್ಲಿ ಇಂಟರ್ಸಿಲ್ ಸಂಸ್ಥೆಯ 7107ರಂಥ ಚಿಪ್ಪುಗಳು ಬಂದು, ಅಳೆಯುವ ಮತ್ತು ಅಂಕಿ ಬೆಳಗಿಸುವ ಎರಡೂ ಕೆಲಸ ಒಂದೇ ಚಿಪ್ಪಿನಲ್ಲಿ ಆದ ಮೇಲೆ ಪ್ಯಾನೆಲ್ಲಿನ ಡಿಜಿಟಲ್ ಮೀಟರ್ ಇನ್ನಷ್ಟು ಚಿಕ್ಕದೂ ಅಗ್ಗವೂ ಆಯಿತು.

ಹಳೆಯ ಮೂವಿಂಗ್ ಐರನ್ ಅಮ್ಮೀಟರಿನಲ್ಲಿ ಮುಳ್ಳನ್ನು ತಳ್ಳುವ ಬಲ ಕರೆಂಟಿನ ವರ್ಗಕ್ಕೆ ಅನುಗುಣ. ಈ ನಿಯಮವನ್ನು ಹಾಗೆಯೇ ಹಿಡಿದರೆ 200 ಆಂಪಿಯರ್ ಸ್ಕೇಲಿನಲ್ಲಿ 100ಕ್ಕೆ ಮುಳ್ಳು ಕಾಲುಭಾಗ ಮಾತ್ರ ಏರುತ್ತದೆ. 40ಕ್ಕೆ ಇಪ್ಪತ್ತೈದರಲ್ಲೊಂದು ಪಾಲು. ಸ್ಕೇಲಿನ ಬುಡದಲ್ಲಿ ಗೆರೆಗಳು ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಮನೆಗಳೂ ಪಂಪ್‌ಸೆಟ್ಟುಗಳೂ ಒಂದೇ ಫೀಡರಿನಲ್ಲಿದ್ದ ಕಾಲದಲ್ಲಿ, ತ್ರೀ ಫೇಸ್ ಪಾಳಿ ಮುಗಿದ ಮೇಲೆ ಉಳಿಯುವ ಲೋಡು ಬಂದು ಕೂರುತ್ತಿದ್ದುದು ಅಲ್ಲೇ. ಆ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೇ ಮೋಟಾರು ಓಡಿಸುವ ರೂಢಿ ಕರ್ನಾಟಕದ ಹಳ್ಳಿಗಳಲ್ಲಿ ಹಳೆಯದು. ಅನೇಕ ಪ್ಯಾನೆಲ್ಲುಗಳಲ್ಲಿ ಅಮ್ಮೀಟರ್ ಒಂದೇ. ಸೆಲೆಕ್ಟರ್ ಸ್ವಿಚ್ ತಿರುಗಿಸಿ ಆರ್, ವೈ, ಬಿ ಫೇಸುಗಳನ್ನು ಒಂದಾದ ಮೇಲೊಂದರಂತೆ ಓದಬೇಕು. ಮೂರನ್ನೂ ಸಾಲಾಗಿ ತೋರಿಸುವ ಡಿಜಿಟಲ್ ಮೀಟರಿನೆದುರು ಮೂರು ಫೇಸುಗಳ ಭಾರ ಸಮವಾಗಿಲ್ಲದಿರುವುದು ಆಪರೇಟರಿಗೆ ತಕ್ಷಣ ತಿಳಿಯುತ್ತದೆ. ಮನೆಗಳಿಗೆ ಪ್ರತ್ಯೇಕ ಫೀಡರ್ ಕೊಡುವ ನಿರಂತರ ಜ್ಯೋತಿಯಂಥ ಯೋಜನೆಗಳಿಗೂ ಇಂಥ ಓದು ನೆರವಾಗುವಂಥದ್ದು.

ಮುಳ್ಳಿನ ಪರವಾದ ವಾದವೂ ಬಲವಾದದ್ದೇ. ಲೋಡು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ದೂರದಿಂದಲೇ ಕಾಣುತ್ತದೆ, ಬೇರೆ ಸಪ್ಲೈ ಬೇಡ. ಅನೇಕ ಡಿಜಿಟಲ್ ಮೀಟರುಗಳಿಗೆ ಬೇಕಾದ ಸಪ್ಲೈಯನ್ನು ಸ್ಟೇಷನ್ ಬ್ಯಾಟರಿಯಿಂದ ಕೊಡಬಹುದು, ಏರಿಳಿತಕ್ಕೆ ಬಾರ್ ಗ್ರಾಫ್ ಇದೆ. ಆದರೂ ಬಸ್ ವೋಲ್ಟೇಜಿಗೆ ಒಂದು ಮುಳ್ಳಿನ ಮೀಟರ್ ಉಳಿಸಿಕೊಳ್ಳುವುದೇ ವಿವೇಕ. ಇದಕ್ಕಿಂತ ಗಂಭೀರವಾದ ಆಕ್ಷೇಪ ಸೆಟ್ಟಿಂಗಿನದು. 200/5 ಸಿ.ಟಿ. ತೆಗೆದು 400/5 ಹಾಕಿ, ಮೀಟರಿನಲ್ಲಿ ಅನುಪಾತ ಬದಲಿಸದಿದ್ದರೆ 150 ಆಂಪಿಯರ್ 75 ಎಂದೇ ಕಾಣುತ್ತದೆ, ಅಂಕಿಯಲ್ಲಿ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಮುಳ್ಳಿನ ಮೀಟರಿನಲ್ಲೂ ಸ್ಕೇಲ್ ಬದಲಿಸದಿದ್ದರೆ ಇದೇ ತಪ್ಪು, ಆದರೆ ಅಲ್ಲಿ ಡಯಲ್ಲಿನ ಮೇಲೆಯೇ 200/5 ಎಂದು ಅಚ್ಚಾಗಿರುತ್ತದೆ. ಇಲ್ಲಿ ಅದು ಮೆನುವಿನೊಳಗೆ ಅಡಗಿರುತ್ತದೆ. ಸಿ.ಟಿ. ಬದಲಿಸಿದ ದಿನವೇ ಸೆಕೆಂಡರಿ ತಂತಿಗೆ ಟಾಂಗ್ ಟೆಸ್ಟರ್ (ಕ್ಲ್ಯಾಂಪ್ ಮೀಟರ್) ಹಿಡಿದು, ಬಂದ ಓದನ್ನು ಅನುಪಾತದಿಂದ ಗುಣಿಸಿ ಮೀಟರಿನ ಅಂಕಿಯೊಂದಿಗೆ ತಾಳೆ ನೋಡಿದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.